ಎಡಿಟಿಂಗ್ ಪ್ಲೇಬ್ಯಾಕ್‌ಗೆ ಎಕ್ಸ್‌ಟರ್ನಲ್ ಮಾನಿಟರ್: ಕೇಬಲ್ಲಿಂದ ಹಿಡಿದು ಕಲರ್‌ವರೆಗೆ

ಎಡಿಟಿಂಗ್ ಮಾಡೋರು ಎರಡನೇ ಸ್ಕ್ರೀನ್ ತಗೊಳ್ಳೋದು ಎರಡು ಕಾರಣಕ್ಕೆ. ಒಂದು, ಟೈಮ್‌ಲೈನು, ಬಿನ್ನು (ಕ್ಲಿಪ್ ಇಡೋ ಫೋಲ್ಡರು), ಎಫೆಕ್ಟ್ಸ್ ಪ್ಯಾನೆಲ್ಲು ಎಲ್ಲಾ ಹರಡ್ಕೊಳ್ಳೋಕೆ ಜಾಗ ಬೇಕು. ಇನ್ನೊಂದು, ಕಟ್ ಮಾಡ್ತಿರೋ ವಿಡಿಯೋನ ಸ್ಕ್ರೀನ್ ತುಂಬಾ, ಬಟನ್ನು ಮೆನು ಏನೂ ಇಲ್ದೆ, ನೋಡೋರು ಹೇಗೆ ನೋಡ್ತಾರೋ ಹಾಗೇ ನೋಡ್ಬೇಕು. ಮೊದಲ್ನೇದಕ್ಕೆ ಕೇಬಲ್ ಸಿಗಿಸಿದ್ರೆ ಸಾಕು, ಹೇಳಿಕೊಡೋ ಅಂಥದ್ದೇನಿಲ್ಲ. ಎರಡನೇದು ಹಾಗಲ್ಲ, ಚಿತ್ರ ಬಂದ ಮಾತ್ರಕ್ಕೆ ಸರಿಯಾಗಿ ಬಂದಿದೆ ಅಂತ ಅರ್ಥ ಅಲ್ಲ, ಕಪ್ಪು ಬೂದು ಬಣ್ಣಕ್ಕೆ ತಿರುಗಿರಬಹುದು, ಪ್ಯಾನ್ ಶಾಟ್ (ಕ್ಯಾಮೆರಾ ಪಕ್ಕಕ್ಕೆ ತಿರುಗೋ ಶಾಟ್) ತಡವರಿಸ್ತಿರಬಹುದು, ಮಾತು ತುಟಿಗಿಂತ ಮುಂದೆ ಓಡ್ತಿರಬಹುದು, ಇದ್ಯಾವುದೂ ನಿಮ್ಮ ವಿಡಿಯೋದ ತಪ್ಪಲ್ದೇ ಇದ್ರೂ ನೀವು ಅದನ್ನ ವಿಡಿಯೋದಲ್ಲೇ ಸರಿ ಮಾಡೋಕೆ ಹೋಗ್ತೀರಿ. ಅಲ್ಲೇ ನಿಜವಾದ ನಷ್ಟ ಆಗೋದು. ಮಾನಿಟರ್ ಸುಳ್ಳು ಹೇಳ್ತಿದ್ರೆ ನೀವು ಮಾಡಿದ ಪ್ರತಿ ಕಲರ್ ಕರೆಕ್ಷನ್ನೂ ಆ ಸುಳ್ಳಿಗೆ ತಕ್ಕ ಹಾಗೆ ಇರತ್ತೆ. ಅದಕ್ಕೇ ಇಲ್ಲಿ ಪ್ರತಿ ಹಂತದಲ್ಲೂ ಸಿಗಿಸೋದ್ರ ಜೊತೆ ಪರೀಕ್ಷೆ ಮಾಡೋದನ್ನೂ ಹೇಳಿದೀನಿ, ದಯವಿಟ್ಟು ಪರೀಕ್ಷೆ ಬಿಡ್ಬೇಡಿ.

ಮೊದಲು ಯಾವ ದಾರಿ ಅಂತ ತೀರ್ಮಾನ ಮಾಡ್ಕೊಳ್ಳಿ

ಕಂಪ್ಯೂಟರಿಂದ ಮಾನಿಟರಿಗೆ ವಿಡಿಯೋ ಹೋಗೋಕೆ ಎರಡು ದಾರಿ ಇದೆ. ಒಂದು ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಮೂಲಕ, ಇದ್ರಲ್ಲಿ ಆ ಮಾನಿಟರು ವಿಂಡೋಸ್‌ಗೋ ಮ್ಯಾಕ್‌ಗೋ ಇನ್ನೊಂದು ಡೆಸ್ಕ್‌ಟಾಪ್ ಆಗಿ ಕಾಣಿಸ್ತದೆ, ಎಡಿಟಿಂಗ್ ಸಾಫ್ಟ್‌ವೇರ್ ಅದರ ಮೇಲೆ ಫುಲ್ ಸ್ಕ್ರೀನ್ ವಿಡಿಯೋ ಹಾಕತ್ತೆ. ಎರಡನೇದು ಅದಕ್ಕಂತಲೇ ಇರೋ ಔಟ್‌ಪುಟ್ ಕಾರ್ಡು, ಬ್ಲ್ಯಾಕ್‌ಮ್ಯಾಜಿಕ್‌ನ ಡೆಕ್‌ಲಿಂಕ್, ಅಲ್ಟ್ರಾಸ್ಟುಡಿಯೋ, ಎಜೆಎಯ ಟಿ-ಟ್ಯಾಪ್ ಥರದ್ದು. ಇದ್ರಲ್ಲಿ ಆಪರೇಟಿಂಗ್ ಸಿಸ್ಟಮ್‌ಗೆ ಆ ಮಾನಿಟರ್ ಇದೆ ಅನ್ನೋದೇ ಗೊತ್ತಿರಲ್ಲ, ಮೌಸ್ ಅಲ್ಲಿಗೆ ಹೋಗಲ್ಲ, ನೋಟಿಫಿಕೇಶನ್ ಬರಲ್ಲ, ಸಾಫ್ಟ್‌ವೇರಿಂದ ಸೀದಾ ವಿಡಿಯೋ ಸಿಗ್ನಲ್ ಹೊರಗೆ ಹೋಗತ್ತೆ, ಮಧ್ಯದಲ್ಲಿ ಯಾರೂ ಬಣ್ಣ ಮುಟ್ಟಲ್ಲ, ಫ್ರೇಮ್ ರೇಟ್ ಕೂಡ ನೀವು ಹೇಳಿದ್ದೇ.

ನನ್ನ ಅಭಿಪ್ರಾಯ ಕೇಳಿದ್ರೆ, ಕಥೆ ಕಟ್ ಮಾಡೋರಿಗೆ, ಆನ್‌ಲೈನ್ ವಿಡಿಯೋ ಮಾಡೋರಿಗೆ, ಕ್ಲೈಂಟಿಗೆ ಪಕ್ಕದಲ್ಲಿ ಕೂರಿಸ್ಕೊಂಡು ತೋರಿಸೋರಿಗೆ ಮೊದಲ್ನೇ ದಾರಿ ಧಾರಾಳವಾಗಿ ಸಾಕು, ಸರಿಯಾಗಿ ಸೆಟ್ ಮಾಡಿದ್ರೆ. ಟಿವಿ ಚಾನೆಲ್ಲಿಗೆ, ಸಿನಿಮಾಗೆ ಕಲರ್ ಗ್ರೇಡಿಂಗ್ (ಬಣ್ಣ ತಿದ್ದೋ ಕೆಲಸ) ಮಾಡೋರು, ಎಚ್‌ಡಿಆರ್ (ಮಾಮೂಲಿಗಿಂತ ಹೆಚ್ಚು ಬೆಳಕು, ಬಣ್ಣ ತೋರಿಸೋ ವಿಡಿಯೋ) ಡೆಲಿವರಿ ಮಾಡೋರು, ಇವ್ರಿಗೆ ಎರಡನೇದೇ ಬೇಕು, ಅಲ್ಲಿ ರಾಜಿ ಮಾಡ್ಕೊಳ್ಬಾರ್ದು. ಈ ಎರಡರಲ್ಲಿ ಒಂದನ್ನ ಆರಿಸ್ಕೊಂಡ್ಮೇಲೇ ಕೇಬಲ್ಲಿಗೆ ಕೈ ಹಾಕಿ, ಯಾಕಂದ್ರೆ ಮುಂದಿನ ಅರ್ಧ ಸೆಟ್ಟಿಂಗು ಇದ್ರ ಮೇಲೆ ನಿಂತಿದೆ.

ಪೋರ್ಟು, ಕೇಬಲ್ಲು

ಡೆಸ್ಕ್‌ಟಾಪ್ ಕಂಪ್ಯೂಟರ್ ಆದ್ರೆ ಹಿಂದ್ಗಡೆ ಎರಡು ಕಡೆ ಎಚ್‌ಡಿಎಂಐ ಇರತ್ತೆ, ಮೇಲ್ಗಡೆ ಮದರ್‌ಬೋರ್ಡಿಂದು, ಕೆಳ್ಗಡೆ ಅಡ್ಡಡ್ಡ ಇರೋದು ಗ್ರಾಫಿಕ್ಸ್ ಕಾರ್ಡಿಂದು. ಗ್ರಾಫಿಕ್ಸ್ ಕಾರ್ಡಿಗೇ ಹಾಕಿ. ಮದರ್‌ಬೋರ್ಡಿಗೆ ಹಾಕಿದ್ರೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸಿಂದ ಚಿತ್ರ ಹೋಗತ್ತೆ, ಎಡಿಟಿಂಗ್ ಕೆಲಸ ಮಾಡ್ತಿರೋದು ದೊಡ್ಡ ಕಾರ್ಡು, ಹಂಗಾಗಿ ಪ್ರತಿ ಫ್ರೇಮೂ ಅಲ್ಲಿಂದ ಇಲ್ಲಿಗೆ ಕಾಪಿ ಆಗ್ಬೇಕು, ಸುಮ್ಸುಮ್ನೆ ಫ್ರೇಮ್ ಡ್ರಾಪ್, ಅಂದ್ರೆ ಮಧ್ಯೆ ಮಧ್ಯೆ ಫ್ರೇಮ್ ಬಿಟ್ಟುಹೋಗೋದು. ಲ್ಯಾಪ್‌ಟಾಪಲ್ಲಿ ಯಾವ ಪೋರ್ಟು ಯಾವ ಜಿಪಿಯುಗೆ (ಗ್ರಾಫಿಕ್ಸ್ ಚಿಪ್ಪಿಗೆ) ಹೋಗತ್ತೆ ಅನ್ನೋದು ಕಣ್ಣಿಗೆ ಕಾಣಲ್ಲ. ಎನ್‌ವಿಡಿಯಾ ಇದ್ರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಲ್ಲಿ ಫಿಸಿಕ್ಸ್ (PhysX) ಸೆಟ್ಟಿಂಗ್ ಪೇಜಿಗೆ ಹೋಗಿ, ಅಲ್ಲಿ ಯಾವ ಮಾನಿಟರ್ ಯಾವ ಜಿಪಿಯುಗೆ ಸೇರಿದೆ ಅಂತ ಚಿತ್ರ ಬರೆದು ತೋರಿಸಿರತ್ತೆ. ಒಂದೇ ಲ್ಯಾಪ್‌ಟಾಪಲ್ಲಿ ಎಚ್‌ಡಿಎಂಐ ಒಂದಕ್ಕೆ, ಟೈಪ್-ಸಿ ಇನ್ನೊಂದಕ್ಕೆ ಹೋಗಿರೋದು ತುಂಬಾ ಸಲ ಇರತ್ತೆ, ಎರಡೂ ಹಾಕಿ ನೋಡಿ.

ಟೈಪ್-ಸಿ ವಿಷ್ಯದಲ್ಲಿ ಇನ್ನೊಂದು ಎಚ್ಚರ. ಎಲ್ಲಾ ಟೈಪ್-ಸಿ ಪೋರ್ಟಲ್ಲೂ ವಿಡಿಯೋ ಬರಲ್ಲ, ಕೆಲವು ಬರೀ ಚಾರ್ಜಿಂಗು ಮತ್ತೆ ಡೇಟಾ. ಪೋರ್ಟ್ ಪಕ್ಕ ಥಂಡರ್‌ಬೋಲ್ಟ್ ಮಿಂಚಿನ ಗುರುತೋ ಡಿಸ್‌ಪ್ಲೇಪೋರ್ಟಿನ ಪುಟ್ಟ ಲೋಗೋನೋ ಇದ್ಯಾ ನೋಡಿ, ಗುರುತು ಇಲ್ಲಾಂದ್ರೆ ಕಂಪ್ಯೂಟರಿನ ಸ್ಪೆಸಿಫಿಕೇಶನಲ್ಲಿ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅಂತ ಬರೆದಿದ್ಯಾ ನೋಡಿ. ಕೇಬಲ್ಲೂ ಅಷ್ಟೇ, ಫೋನಿನ ಜೊತೆ ಬಂದ ಚಾರ್ಜಿಂಗ್ ಕೇಬಲಲ್ಲಿ ಸಾಮಾನ್ಯವಾಗಿ ವಿಡಿಯೋ ಹೋಗಲ್ಲ.

ಡಾಕ್ (ಒಂದು ಪೋರ್ಟನ್ನ ಹಲವು ಪೋರ್ಟ್ ಮಾಡೋ ಡಬ್ಬಿ) ಬಳಸೋರು ಡಿಸ್‌ಪ್ಲೇಲಿಂಕ್ ಅಂತ ಬರೆದಿರೋದನ್ನ ಪ್ಲೇಬ್ಯಾಕಿಗೆ ಬಳಸ್ಬೇಡಿ. ಅದು ಸ್ಕ್ರೀನನ್ನ ಕಂಪ್ರೆಸ್ ಮಾಡಿ ಯುಎಸ್‌ಬಿ ಮೇಲೆ ಕಳಿಸತ್ತೆ, ಪ್ರೊಸೆಸರಿನ ಶಕ್ತಿ ತಿನ್ನತ್ತೆ, ಎಕ್ಸೆಲ್ ಶೀಟಿಗೆ ಚೆನ್ನಾಗಿದೆ ಆದ್ರೆ ಓಡೋ ವಿಡಿಯೋಗೆ ಅಲ್ಲ. ಮ್ಯಾಕ್‌ಬುಕ್ ಏರ್ ಎಂ1, ಎಂ2 ಇಟ್ಕೊಂಡಿರೋರಿಗೆ ನೇರವಾಗಿ ಒಂದೇ ಎಕ್ಸ್‌ಟರ್ನಲ್ ಮಾನಿಟರ್ ಬರೋದು, ಅದಕ್ಕೆ ಎರಡನೇದಕ್ಕೆ ಅಂತ ಡಿಸ್‌ಪ್ಲೇಲಿಂಕ್ ಹಾಕ್ಕೊಳ್ತಾರೆ. ಹಾಕ್ಕೊಳ್ಳಿ ಪರವಾಗಿಲ್ಲ, ಆದ್ರೆ ಅದ್ರಲ್ಲಿ ಬಿನ್ನು ಪ್ಯಾನೆಲ್ಲು ಇಟ್ಕೊಂಡು, ನೇರವಾಗಿ ಸಿಗಿಸಿರೋ ಮಾನಿಟರನ್ನ ವಿಡಿಯೋಗೆ ಬಿಡಿ.

ಈಗ ಕೇಬಲ್ ಎಷ್ಟು ಹೊರತ್ತೆ ಅನ್ನೋ ಲೆಕ್ಕ. ಹರ್ಟ್ಸ್ ಅಂದ್ರೆ ಸ್ಕ್ರೀನು ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ತೋರಿಸತ್ತೆ ಅನ್ನೋದು. ಎಚ್‌ಡಿಎಂಐ 1.4 ಅಂದ್ರೆ ಸೆಕೆಂಡಿಗೆ 10.2 ಗಿಗಾಬಿಟ್, ಅದ್ರಲ್ಲಿ 4ಕೆ ಬಂದ್ರೂ 30 ಹರ್ಟ್ಸಿಗೆ ನಿಂತೋಗತ್ತೆ. ಎಚ್‌ಡಿಎಂಐ 2.0 ಅಂದ್ರೆ 18 ಗಿಗಾಬಿಟ್, 4ಕೆ 60 ಹರ್ಟ್ಸ್ ಬರತ್ತೆ. 2.1 ಅಂದ್ರೆ 48 ಗಿಗಾಬಿಟ್‌ವರೆಗೆ. ಡಿಸ್‌ಪ್ಲೇಪೋರ್ಟ್ 1.2ರಲ್ಲೇ 4ಕೆ 60 ಆರಾಮಾಗಿ ಬರತ್ತೆ. ಕೇಬಲ್ ತಗೊಳ್ಳುವಾಗ ವರ್ಷನ್ ನಂಬರ್ ನೋಡೋದಕ್ಕಿಂತ ಪ್ಯಾಕೆಟ್ ಮೇಲೆ 18 ಗಿಗಾಬಿಟ್‌ಗೆ ಪ್ರೀಮಿಯಂ ಹೈ ಸ್ಪೀಡ್, 48ಕ್ಕೆ ಅಲ್ಟ್ರಾ ಹೈ ಸ್ಪೀಡ್ ಅನ್ನೋ ಸರ್ಟಿಫಿಕೇಶನ್ ಲೇಬಲ್ ಇದ್ಯಾ ನೋಡಿ. ಉದ್ದ ಜಾಸ್ತಿ ಆದಷ್ಟೂ ತೊಂದ್ರೆ, ಮೇಜಿನ ಮೇಲೆ ಪಕ್ಕದಲ್ಲೇ ಇರೋ ಮಾನಿಟರಿಗೆ 2 ಮೀಟರ್ ಸಾಕು, 5 ಮೀಟರ್ ಸುರುಳಿ ಸುತ್ತಿಡೋ ಅವಶ್ಯಕತೆ ಇಲ್ಲ.

ಇಲ್ಲಿ ಒಂದು ವಿಷ್ಯ ತುಂಬಾ ಜನ ಗಮನಿಸಲ್ಲ. ಎಚ್‌ಡಿಎಂಐ 2.0ರಲ್ಲಿ 4ಕೆ 60 ಹರ್ಟ್ಸ್, ಆರ್‌ಜಿಬಿ, 8 ಬಿಟ್ ಅಷ್ಟೇ ಹಿಡಿಯೋದು, 10 ಬಿಟ್ ಆರ್‌ಜಿಬಿ ಹಿಡಿಯಲ್ಲ (ಬಿಟ್ ಜಾಸ್ತಿ ಆದಷ್ಟೂ ಬಣ್ಣದ ಮೆಟ್ಟಿಲು ಸಣ್ಣ, ಆರ್‌ಜಿಬಿ ಅಂದ್ರೆ ಕೆಂಪು ಹಸಿರು ನೀಲಿ ಮೂರನ್ನೂ ಪೂರ್ತಿ ಕಳಿಸೋದು), 50 ಹರ್ಟ್ಸಿಗೂ ಅದೇ ಕಥೆ. ಆದ್ರೆ 24, 25, 30 ಹರ್ಟ್ಸಿಗೆ ಇಳಿಸಿದ್ರೆ ಅದೇ ಕೇಬಲಲ್ಲಿ 10 ಬಿಟ್ ಆರಾಮಾಗಿ ಹೋಗತ್ತೆ. ಡೆಸ್ಕ್‌ಟಾಪ್ ಆಗಿ ಬಳಸೋ ಸ್ಕ್ರೀನ್ 25 ಹರ್ಟ್ಸಲ್ಲಿದ್ರೆ ಮೌಸ್ ಎಳೆದೆಳೆದು ಹೋಗತ್ತೆ, ತಲೆ ಕೆಡತ್ತೆ, ಆದ್ರೆ ಬರೀ ಪ್ಲೇಬ್ಯಾಕ್ ನೋಡೋ ಸ್ಕ್ರೀನಲ್ಲಿ ಮೌಸ್ ಕೆಲಸಾನೇ ಇಲ್ವಲ್ಲ, ಹಾಗಾಗಿ ಅಲ್ಲಿ ಕಡಿಮೆ ಹರ್ಟ್ಸ್ ಒಂದು ನಷ್ಟವೇ ಅಲ್ಲ.

ಅಡಾಪ್ಟರ್ ಹಾಕೋರಿಗೆ: ಡಿಸ್‌ಪ್ಲೇಪೋರ್ಟಿಂದ ಎಚ್‌ಡಿಎಂಐಗೆ ಹೋಗೋ ಸಣ್ಣ ಅಡಾಪ್ಟರು ಒಂದೇ ದಿಕ್ಕಿಗೆ ಕೆಲಸ ಮಾಡೋದು. ಕಂಪ್ಯೂಟರಲ್ಲಿ ಎಚ್‌ಡಿಎಂಐ, ಮಾನಿಟರಲ್ಲಿ ಡಿಸ್‌ಪ್ಲೇಪೋರ್ಟ್ ಇದ್ರೆ ಅದನ್ನೇ ತಿರುಗಿಸಿ ಹಾಕಿದ್ರೆ ಬರಲ್ಲ, ಅದಕ್ಕೆ ಆ್ಯಕ್ಟಿವ್ ಕನ್ವರ್ಟರ್ ಬೇಕು.

ಆಪರೇಟಿಂಗ್ ಸಿಸ್ಟಮಲ್ಲಿ

ಸಿಗಿಸಿದ್ಮೇಲೆ ವಿಂಡೋಸಲ್ಲಿ ವಿಂಡೋಸ್ ಕೀ ಮತ್ತೆ ಪಿ ಒತ್ತಿ, ಎಕ್ಸ್‌ಟೆಂಡ್ ಆರಿಸಿ. ಡೂಪ್ಲಿಕೇಟ್ ಬೇಡ, ಅದ್ರಲ್ಲಿ ಎರಡೂ ಸ್ಕ್ರೀನಲ್ಲಿ ಒಂದೇ ಡೆಸ್ಕ್‌ಟಾಪ್ ಬರತ್ತೆ, ರೆಸಲ್ಯೂಶನ್ ಎರಡಕ್ಕೂ ಹೊಂದೋ ಹಾಗೆ ತಾನೇ ಬದಲಾಗಿಬಿಡತ್ತೆ. ಮ್ಯಾಕಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಡಿಸ್‌ಪ್ಲೇಸ್‌ಗೆ ಹೋಗಿ ಮಿರರ್ ಆಫ್ ಇದ್ಯಾ ನೋಡ್ಕೊಳ್ಳಿ.

ಆಮೇಲೆ ರೆಸಲ್ಯೂಶನ್ನು ಮಾನಿಟರಿನ ನೇಟಿವ್‌ಗೇ, ಅಂದ್ರೆ ಪ್ಯಾನೆಲಲ್ಲಿ ನಿಜವಾಗ್ಲೂ ಇರೋ ಪಿಕ್ಸೆಲ್ ಲೆಕ್ಕಕ್ಕೇ ಇಡಿ. 1080 ವಿಡಿಯೋನ 4ಕೆ ಸ್ಕ್ರೀನಲ್ಲಿ ನೋಡಿದ್ರೆ ಸರಿಯಾಗಿ ಎರಡರಷ್ಟು ಹಿಗ್ಗತ್ತೆ, ಒಂದು ಪಿಕ್ಸೆಲ್ಲಿಗೆ ನಾಲ್ಕು, ಚೊಕ್ಕ. 2560 ಇಂಟು 1440 ಸ್ಕ್ರೀನಲ್ಲಿ 1.33ರಷ್ಟು ಹಿಗ್ಗೋದ್ರಿಂದ ಅಂಚುಗಳು ಸ್ವಲ್ಪ ಮೆತ್ತಗಾಗತ್ತೆ, ಫೋಕಸ್ ತಪ್ಪಿದೆ ಅಂತ ಶಾಟ್ ಎಸೆಯೋ ಮುಂಚೆ 100 ಪರ್ಸೆಂಟ್ ಝೂಮಲ್ಲಿ ನೋಡಿ ಖಾತ್ರಿ ಮಾಡ್ಕೊಳ್ಳಿ.

ಬಣ್ಣ ಬದಲಾಯಿಸೋ ಎಲ್ಲಾ ಅನುಕೂಲಗಳನ್ನೂ ಆಫ್ ಮಾಡಿ. ವಿಂಡೋಸಿನ ನೈಟ್ ಲೈಟ್, ಮ್ಯಾಕಿನ ನೈಟ್ ಶಿಫ್ಟ್, ಟ್ರೂ ಟೋನ್, ಆಟೋ ಬ್ರೈಟ್‌ನೆಸ್, ಮಾನಿಟರಿನ ಒಳಗಿನ ಐ ಕೇರ್, ಡೈನಾಮಿಕ್ ಕಾಂಟ್ರಾಸ್ಟ್ ಎಲ್ಲಾ. ಸಂಜೆ ಆದ್ಮೇಲೆ ಕೂತು ಗ್ರೇಡ್ ಮಾಡಿದ ವಿಡಿಯೋ ಬೆಳಿಗ್ಗೆ ನೋಡಿದ್ರೆ ನೀಲಿ ನೀಲಿ ಕಾಣ್ತಿದ್ರೆ ಮೊದಲು ನೈಟ್ ಶಿಫ್ಟ್ ಮೇಲೇ ಅನುಮಾನ ಪಡಿ. ವಿಂಡೋಸಲ್ಲಿ ಎಚ್‌ಡಿಆರ್ ಸ್ವಿಚ್ಚೂ, ಸಾಮಾನ್ಯ ಎಸ್‌ಡಿಆರ್ ವಿಡಿಯೋ ಮಾಡ್ತಿದ್ರೆ, ಆಫ್ ಇರ್ಲಿ.

ಫ್ರೇಮ್ ರೇಟು ಮತ್ತೆ ಹರ್ಟ್ಸ್, ಇದನ್ನ ನಿಧಾನಕ್ಕೆ ಓದಿ

ಎಡಿಟಿಂಗಲ್ಲಿ ಪ್ಯಾನ್ ಶಾಟ್ ತಡವರಿಸೋದಕ್ಕೆ ಅತಿ ದೊಡ್ಡ ಕಾರಣ ಕಂಪ್ಯೂಟರ್ ಸ್ಲೋ ಇರೋದಲ್ಲ, ಲೆಕ್ಕ ಹೊಂದದೇ ಇರೋದು. ಮಾನಿಟರ್ 60 ಹರ್ಟ್ಸಲ್ಲಿದೆ, ವಿಡಿಯೋ ಸೆಕೆಂಡಿಗೆ 25 ಫ್ರೇಮ್ ಅಂದ್ಕೊಳ್ಳಿ. 60ನ್ನ 25ರಿಂದ ಭಾಗಿಸಿದ್ರೆ 2.4 ಬರತ್ತೆ, ಒಂದು ಫ್ರೇಮನ್ನ 2.4 ಸಲ ತೋರಿಸೋಕೆ ಆಗಲ್ವಲ್ಲ, ಹಾಗಾಗಿ ಒಂದು ಫ್ರೇಮ್ ಎರಡು ಸಲ, ಇನ್ನೊಂದು ಮೂರು ಸಲ, ಹೀಗೆ ಏರುಪೇರಾಗಿ ಬರತ್ತೆ. ಕಣ್ಣಿಗೆ ಅದು ಜರ್ಕ್ ಆಗಿ ಕಾಣತ್ತೆ. ಅದೇ ಮಾನಿಟರನ್ನ 50 ಹರ್ಟ್ಸಿಗೆ ಹಾಕಿ, ಪ್ರತಿ ಫ್ರೇಮೂ ಸರಿಯಾಗಿ ಎರಡು ಸಲ, ಪ್ಯಾನ್ ತಟ್ಟನೆ ನಯ ಆಗಿಬಿಡತ್ತೆ. 24 ಫ್ರೇಮಿಗೆ 60ರಲ್ಲಿ ಎರಡು ಮೂರು ಎರಡು ಮೂರು ಅಂತ ಬರತ್ತೆ, ಅದಕ್ಕೆ 24, 48, 72, 120 ಯಾವುದಾದ್ರೂ ಒಳ್ಳೇದು. 30ಕ್ಕೆ 60 ಚೆನ್ನಾಗಿದೆ. 120 ಹರ್ಟ್ಸ್ ಮಾನಿಟರ್ ಇದ್ರೆ 24ಕ್ಕೂ 30ಕ್ಕೂ ಹೊಂದತ್ತೆ ಆದ್ರೆ 25ಕ್ಕೆ ಹೊಂದಲ್ಲ, 25 ಮಾಡೋರು 100 ಹರ್ಟ್ಸಿಗೆ ಇಳಿಸ್ಕೊಳ್ಳಿ. 23.976 ಫ್ರೇಮಲ್ಲಿ ಶೂಟ್ ಮಾಡಿರೋರು ಮಾನಿಟರ್ ಪಟ್ಟಿಯಲ್ಲಿ 23.976 ಇದ್ರೆ ಅದನ್ನ ಹಾಕಿ, ಇಲ್ಲಾಂದ್ರೆ 59.94, ಅದ್ರಲ್ಲಿ ಎರಡು ಮೂರು ಲಯ ಇರತ್ತೆ ಆದ್ರೆ ಜಾರಲ್ಲ, 60 ಹಾಕಿದ್ರೆ ಎಲ್ಲೋ ಒಂದೊಂದು ಕಡೆ ಜಾರತ್ತೆ.

ವಿಂಡೋಸಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಒಳಗೆ ರಿಫ್ರೆಶ್ ರೇಟ್ ಇದೆ. ಮೇಲ್ಗಡೆ ಯಾವ ಮಾನಿಟರ್ ಅಂತ ಆರಿಸೋ ಡ್ರಾಪ್‌ಡೌನ್ ಇರತ್ತೆ, ಅದನ್ನ ಮೊದಲು ಸರಿಯಾದ ಮಾನಿಟರಿಗೆ ಬದಲಾಯಿಸ್ಕೊಳ್ಳಿ. ಮ್ಯಾಕಲ್ಲಿ ಡಿಸ್‌ಪ್ಲೇಸ್ ಪೇಜಲ್ಲೇ ಇದೆ. ಎಷ್ಟೋ ಕಂಪ್ಯೂಟರ್ ಮಾನಿಟರುಗಳು 50 ಹರ್ಟ್ಸ್ ಕೊಡೋದೇ ಇಲ್ಲ, ಟಿವಿಗಳು ಸಾಮಾನ್ಯವಾಗಿ 24, 50, 60 ಎಲ್ಲಾ ತಗೊಳ್ತವೆ, ಅದಕ್ಕೇ 25 ಫ್ರೇಮಲ್ಲಿ ಕೆಲಸ ಮಾಡೋರಿಗೆ ಪ್ಲೇಬ್ಯಾಕಿಗೆ ಒಂದು ಒಳ್ಳೆ ಟಿವಿ ಎಷ್ಟೋ ಸಲ ಮಾನಿಟರಿಗಿಂತ ಚೆನ್ನಾಗಿ ಹೊಂದತ್ತೆ.

ಪರೀಕ್ಷೆ: ಕಪ್ಪು ಹಿನ್ನೆಲೆ ಮೇಲೆ ಒಂದು ಬಿಳಿ ಲಂಬ ಪಟ್ಟಿ ಎಡದಿಂದ ಬಲಕ್ಕೆ ಒಂದೇ ವೇಗದಲ್ಲಿ 5 ಸೆಕೆಂಡ್ ಹೋಗೋ ಹಾಗೆ ಅನಿಮೇಟ್ ಮಾಡಿ, ರೆಂಡರ್ ಮಾಡ್ಕೊಂಡು ಓಡಿಸಿ. ಹರ್ಟ್ಸ್ ಬದಲಾಯಿಸ್ತಾ ನೋಡಿ. ಒಂದ್ಸಲ ಈ ವ್ಯತ್ಯಾಸ ಕಣ್ಣಿಗೆ ಸಿಕ್ರೆ ಮತ್ತೆಂದೂ ತಪ್ಪಲ್ಲ.

ಸಾಫ್ಟ್‌ವೇರಿಗೆ ಹೇಳಿಕೊಡೋದು

ಪ್ರೀಮಿಯರ್ ಪ್ರೋದಲ್ಲಿ ಪ್ರಿಫರೆನ್ಸಸ್ ಒಳಗೆ ಪ್ಲೇಬ್ಯಾಕ್‌ಗೆ ಹೋಗಿ, ಎನೇಬಲ್ ಮರ್ಕ್ಯುರಿ ಟ್ರಾನ್ಸ್‌ಮಿಟ್ ಟಿಕ್ ಮಾಡಿ, ಕೆಳಗಿನ ಪಟ್ಟಿಯಲ್ಲಿ ಎರಡನೇ ಮಾನಿಟರ್ ಟಿಕ್ ಮಾಡಿ. ಕೂಡ್ಲೇ ಆ ಸ್ಕ್ರೀನ್ ತುಂಬಾ ನಿಮ್ಮ ಫ್ರೇಮ್ ಬರತ್ತೆ. ಅದೇ ಪೇಜಲ್ಲಿ, ಬೇರೆ ಆ್ಯಪ್‌ಗೆ ಹೋದಾಗ ವಿಡಿಯೋ ಔಟ್‌ಪುಟ್ ನಿಲ್ಲಿಸೋ ಆಪ್ಷನ್ ಇದೆ. ಆ ಮಾನಿಟರನ್ನ ಬೇರೆ ಕೆಲಸಕ್ಕೂ ಬಳಸ್ತೀರಿ ಅಂದ್ರೆ ಟಿಕ್ ಇರ್ಲಿ, ಬರೀ ಪ್ಲೇಬ್ಯಾಕಿಗೆ ಅಂದ್ರೆ ತೆಗೆದ್ಬಿಡಿ, ಇಲ್ಲಾಂದ್ರೆ ಬ್ರೌಸರಿಗೆ ಹೋಗಿ ಬಂದಾಗೆಲ್ಲ ಚಿತ್ರ ಹೋಗಿ ಬರ್ತಾ ಇರತ್ತೆ. ಪ್ರೋಗ್ರಾಂ ಮಾನಿಟರಿನ ಸ್ಪ್ಯಾನರ್ ಐಕಾನ್ ಒಳಗೂ ಟ್ರಾನ್ಸ್‌ಮಿಟ್ ಆನ್ ಆಫ್ ಮಾಡ್ಬಹುದು. ಸೋರ್ಸ್ ಮಾನಿಟರ್ ಮೇಲೆ ಕ್ಲಿಕ್ ಮಾಡಿದ್ರೆ ಹೊರಗಿನ ಸ್ಕ್ರೀನಲ್ಲಿ ಸೋರ್ಸ್ ಕ್ಲಿಪ್ ಬರತ್ತೆ, ಟೈಮ್‌ಲೈನ್ ಮೇಲೆ ಕ್ಲಿಕ್ ಮಾಡಿದ್ರೆ ಸೀಕ್ವೆನ್ಸ್ ಬರತ್ತೆ, ಗಾಬರಿ ಆಗ್ಬೇಡಿ.

ಡಾವಿಂಚಿ ರಿಸಾಲ್ವಲ್ಲಿ ವರ್ಕ್‌ಸ್ಪೇಸ್ ಮೆನುವಲ್ಲಿ ಎರಡು ಬೇರೆ ಬೇರೆ ವಿಷ್ಯ ಇವೆ, ಡ್ಯುಯಲ್ ಸ್ಕ್ರೀನ್ ಅಂದ್ರೆ ಪ್ಯಾನೆಲ್‌ಗಳನ್ನ ಎರಡು ಸ್ಕ್ರೀನಿಗೆ ಹಂಚೋದು, ವಿಡಿಯೋ ಕ್ಲೀನ್ ಫೀಡ್ ಅಂದ್ರೆ ಬರೀ ಚಿತ್ರ ಕಳಿಸೋದು, ನಮಗೆ ಬೇಕಾಗಿರೋದು ಕ್ಲೀನ್ ಫೀಡು. ಡೆಕ್‌ಲಿಂಕ್ ಅಥವಾ ಅಲ್ಟ್ರಾಸ್ಟುಡಿಯೋ ಹಾಕಿದ್ರೆ ದಾರಿ ಬೇರೆ: ಮೊದಲು ಬ್ಲ್ಯಾಕ್‌ಮ್ಯಾಜಿಕ್‌ನ ಡೆಸ್ಕ್‌ಟಾಪ್ ವಿಡಿಯೋ ಸಾಫ್ಟ್‌ವೇರ್ ಹಾಕಿ ರೀಸ್ಟಾರ್ಟ್ ಮಾಡಿ, ಆಮೇಲೆ ರಿಸಾಲ್ವಿನ ಪ್ರಿಫರೆನ್ಸಸ್ಸಲ್ಲಿ ವಿಡಿಯೋ ಆ್ಯಂಡ್ ಆಡಿಯೋ ಐ/ಓ ಒಳಗೆ ಆ ಕಾರ್ಡ್ ಆರಿಸಿ, ಆಮೇಲೆ ಪ್ರಾಜೆಕ್ಟ್ ಸೆಟ್ಟಿಂಗ್ಸ್, ಮಾಸ್ಟರ್ ಸೆಟ್ಟಿಂಗ್ಸ್ ಒಳಗೆ ವಿಡಿಯೋ ಮಾನಿಟರಿಂಗ್ ಭಾಗದಲ್ಲಿ ಫಾರ್ಮ್ಯಾಟನ್ನ ಟೈಮ್‌ಲೈನಿನ ಫ್ರೇಮ್ ರೇಟಿಗೇ ಹೊಂದಿಸಿ, 25 ಫ್ರೇಮ್ ಟೈಮ್‌ಲೈನಿಗೆ 1080ಪಿ 25. ಅಲ್ಲೇ ಡೇಟಾ ಲೆವೆಲ್ಸ್, ಬಿಟ್ ಡೆಪ್ತ್ ಎರಡೂ ಇವೆ, ಅದ್ರ ಮಾತು ಮುಂದೆ ಬರತ್ತೆ. ರಿಸಾಲ್ವಲ್ಲಿ ಮೀಡಿಯಾ ಇಂಪೋರ್ಟ್ ಮಾಡಿದ್ಮೇಲೆ ಪ್ರಾಜೆಕ್ಟಿನ ಟೈಮ್‌ಲೈನ್ ಫ್ರೇಮ್ ರೇಟ್ ಬದಲಾಯಿಸೋಕೆ ಬಿಡಲ್ಲ, ಹಾಗಾಗಿ ಇದನ್ನ ಮೊದಲೇ ಸರಿ ಮಾಡ್ಕೊಳ್ಳಿ.

ಫೈನಲ್ ಕಟ್ ಪ್ರೋದಲ್ಲಿ ವಿಂಡೋ ಮೆನುವಲ್ಲಿ ಎ/ವಿ ಔಟ್‌ಪುಟ್. ಅಷ್ಟೇ.

ಕಪ್ಪು ಯಾಕೆ ಬೂದಿ ಬೂದಿ

ಇದು ಅತಿ ಹೆಚ್ಚು ಜನರನ್ನ ದಾರಿ ತಪ್ಪಿಸೋ ಜಾಗ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಕಂಪ್ಯೂಟರ್ ಲೋಕದಲ್ಲಿ ಕಪ್ಪು ಅಂದ್ರೆ 0, ಬಿಳಿ ಅಂದ್ರೆ 255, ಇದಕ್ಕೆ ಫುಲ್ ರೇಂಜ್ ಅಂತಾರೆ. ಟಿವಿ ಲೋಕದಲ್ಲಿ ಕಪ್ಪು ಅಂದ್ರೆ 16, ಬಿಳಿ ಅಂದ್ರೆ 235, ಇದು ಲಿಮಿಟೆಡ್ ಅಥವಾ ವಿಡಿಯೋ ರೇಂಜ್. ಎರಡರಲ್ಲಿ ಯಾವುದಾದ್ರೂ ನಡೆಯತ್ತೆ, ಕಳಿಸೋನು ತಗೊಳ್ಳೋನು ಇಬ್ರೂ ಒಂದೇ ಮಾತಲ್ಲಿರ್ಬೇಕು ಅಷ್ಟೇ. ಕಂಪ್ಯೂಟರ್ ಲಿಮಿಟೆಡ್ ಕಳಿಸ್ತಿದೆ, ಮಾನಿಟರ್ ಫುಲ್ ಅಂತ ಅನ್ಕೊಂಡಿದೆ ಅಂದ್ರೆ ಕಪ್ಪು ಬೂದು ಬಣ್ಣಕ್ಕೆ ತಿರುಗತ್ತೆ, ಬಿಳಿ ಮಂಕಾಗತ್ತೆ, ಇಡೀ ಚಿತ್ರದ ಮೇಲೆ ತೆಳು ಮಂಜು ಕೂತ ಹಾಗೆ. ಉಲ್ಟಾ ಆದ್ರೆ, ಕಂಪ್ಯೂಟರ್ ಫುಲ್ ಕಳಿಸಿ ಟಿವಿ ಲಿಮಿಟೆಡ್ ಅಂತ ತಗೊಂಡ್ರೆ, ನೆರಳಿನ ಭಾಗ ಎಲ್ಲಾ ಮುಚ್ಚಿಹೋಗತ್ತೆ, ಕಪ್ಪು ಕೂದ್ಲಲ್ಲಿ ಎಳೆನೇ ಕಾಣಲ್ಲ, ನೋಡೋಕೆ ಮಾತ್ರ ಪಂಚ್ ಇರೋ ಥರ ಚೆನ್ನಾಗಿ ಕಾಣತ್ತೆ, ಅದೇ ಹೆಚ್ಚು ಅಪಾಯ, ಯಾಕಂದ್ರೆ ಯಾರೂ ಅನುಮಾನ ಪಡಲ್ಲ.

ಪರೀಕ್ಷೆ ಮನೇಲೇ ಮಾಡ್ಕೊಳ್ಬಹುದು. ಕಲರ್ ಮ್ಯಾಟ್ (ಒಂದೇ ಬಣ್ಣದ ಕ್ಲಿಪ್) ಬಳಸಿ ಹಿನ್ನೆಲೆ ಪೂರ್ತಿ 0,0,0 ಮಾಡಿ, ಅದ್ರ ಮೇಲೆ ಪಕ್ಕ ಪಕ್ಕ ಮೂರು ಚೌಕ ಇಡಿ, 8,8,8 ಒಂದು, 16,16,16 ಒಂದು, 24,24,24 ಒಂದು. ರೂಮಿನ ಲೈಟ್ ಕಮ್ಮಿ ಮಾಡಿ ಹತ್ರ ಹೋಗಿ ನೋಡಿ. ಎಲ್ಲಾ ಸರಿ ಇದ್ರೆ 16 ಮತ್ತೆ 24 ಬೇರೆ ಬೇರೆಯಾಗಿ ಕಾಣ್ಬೇಕು, 8 ಬಹಳ ಸೂಕ್ಷ್ಮವಾಗಿ ಕಾಣ್ಬೇಕು. 8 ಮತ್ತೆ 16 ಎರಡೂ ಹಿನ್ನೆಲೆಯಲ್ಲಿ ಕರಗಿಹೋಗಿ 24 ಮಾತ್ರ ಮಸುಕಾಗಿ ಉಳಿದಿದ್ರೆ ಟಿವಿ ಲಿಮಿಟೆಡ್ ಅನ್ಕೊಂಡಿದೆ. ಮೂರೂ ಧಾರಾಳವಾಗಿ ಕಾಣ್ತಾ ಹಿನ್ನೆಲೇನೂ ಕಪ್ಪಗಿಲ್ದೇ ಬೂದಿಯಾಗಿದ್ರೆ ಕಂಪ್ಯೂಟರ್ ಲಿಮಿಟೆಡ್ ಕಳಿಸ್ತಿದೆ. ಬಿಳಿ ಕಡೆಗೂ 255ರ ಮೇಲೆ 247, 239, 231 ಇಟ್ಟು ಅದೇ ಥರ ನೋಡಿ.

ಸರಿ ಮಾಡೋದು ಎರಡು ಕಡೆಯಿಂದ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಲ್ಲಿ ಚೇಂಜ್ ರೆಸಲ್ಯೂಶನ್ ಪೇಜಿನ ಕೆಳಗಡೆ ಔಟ್‌ಪುಟ್ ಡೈನಾಮಿಕ್ ರೇಂಜ್ ಇದೆ, ಅದು ಕೆಲಸ ಮಾಡ್ಬೇಕಾದ್ರೆ ಮೇಲಿರೋ ಯೂಸ್ ಎನ್‌ವಿಡಿಯಾ ಕಲರ್ ಸೆಟ್ಟಿಂಗ್ಸ್ ಆರಿಸಿರ್ಬೇಕು. ಟಿವಿ ಕಡೆ ಬ್ಲ್ಯಾಕ್ ಲೆವೆಲ್ ಅಥವಾ ಎಚ್‌ಡಿಎಂಐ ರೇಂಜ್ ಅಂತ ಇರತ್ತೆ, ಹೆಸರು ಕಂಪನಿಗೊಂದು ಥರ. ಕಂಪ್ಯೂಟರ್ ಮಾನಿಟರ್ ಆದ್ರೆ ಎರಡೂ ಕಡೆ ಫುಲ್ ಇಡಿ. ಡೆಕ್‌ಲಿಂಕಿಂದ ಟಿವಿಗೋ ಬ್ರಾಡ್‌ಕಾಸ್ಟ್ ಮಾನಿಟರಿಗೋ ಹೋಗ್ತಿದ್ರೆ ಎರಡೂ ಕಡೆ ವಿಡಿಯೋ ರೇಂಜ್ ಇಡಿ, ರಿಸಾಲ್ವಲ್ಲಿ ಡೇಟಾ ಲೆವೆಲ್ಸ್ ಅಂದಿದ್ನಲ್ಲ, ಅದೇ ಇದು. ಯಾವತ್ತೂ ಲೂಮೆಟ್ರಿ (ಪ್ರೀಮಿಯರಲ್ಲಿ ಬಣ್ಣ ತಿದ್ದೋ ಪ್ಯಾನೆಲ್ಲು) ಸ್ಲೈಡರಲ್ಲೋ ಕರ್ವಲ್ಲೋ ಈ ಬೂದಿಯನ್ನ ಸರಿ ಮಾಡೋಕೆ ಹೋಗ್ಬೇಡಿ, ಸ್ಕೋಪಲ್ಲಿ (ಬೆಳಕಿನ ಮಟ್ಟ ಅಳೆದು ತೋರಿಸೋ ಗ್ರಾಫಲ್ಲಿ) ಕಪ್ಪು ಸೊನ್ನೆಯಲ್ಲಿ ಕೂತಿದ್ದು ಕಣ್ಣಿಗೆ ಬೂದಿ ಕಂಡ್ರೆ ತಪ್ಪು ವಿಡಿಯೋದಲ್ಲ.

ಬಣ್ಣ

ಎಚ್‌ಡಿ ವಿಡಿಯೋಗೆ ಗುರಿ ಇಷ್ಟು: ರೆಕ್ 709 (ಎಚ್‌ಡಿ ಟಿವಿಯ ಬಣ್ಣದ ಮಾನದಂಡ) ಬಣ್ಣ, ಬಿಳಿ ಡಿ65, ಅಂದ್ರೆ ಸುಮಾರು 6500 ಕೆಲ್ವಿನ್, ಮಂದ ಬೆಳಕಿನ ರೂಮಲ್ಲಿ ಗಾಮಾ (ಕಪ್ಪಿಂದ ಬಿಳಿಗೆ ಬೆಳಕು ಏರೋ ರೀತಿ) 2.4, ಬ್ರೈಟ್‌ನೆಸ್ 100 ನಿಟ್ಸ್ (ಸ್ಕ್ರೀನಿನ ಬೆಳಕಿನ ಅಳತೆ). ಮಾಮೂಲಿ ಬೆಳಕಿರೋ ರೂಮಲ್ಲಿ ಕೂತು ಆನ್‌ಲೈನಿಗೆ ಮಾಡೋರು ಗಾಮಾ 2.2, ಬ್ರೈಟ್‌ನೆಸ್ ಸ್ವಲ್ಪ ಜಾಸ್ತಿ ಇಟ್ಕೊಳ್ಬಹುದು. ಹೊಸ ಮಾನಿಟರ್ ಡಬ್ಬದಿಂದ ಬಂದಾಗ 250, 300 ನಿಟ್ಸ್ ಹೊಡೀತಿರತ್ತೆ, ಅದ್ರಲ್ಲಿ ಗ್ರೇಡ್ ಮಾಡಿದ್ರೆ ಎಲ್ಲಾ ವಿಡಿಯೋನೂ ಕತ್ತಲಾಗಿ ಹೊರಗೆ ಹೋಗತ್ತೆ, ಅದಕ್ಕೇ ಮೊದಲು ಬ್ರೈಟ್‌ನೆಸ್ ಇಳಿಸಿ. ಮಾನಿಟರಲ್ಲಿ ರೆಕ್ 709 ಮೋಡ್ ಇದ್ರೆ ಅದು, ಇಲ್ದಿದ್ರೆ ಎಸ್‌ಆರ್‌ಜಿಬಿ ಮೋಡ್ ಹಾಕಿ, ಎರಡರ ಮೂಲ ಬಣ್ಣಗಳು ಒಂದೇ, ಗಾಮಾ ಬೇರೆ. ವೈಡ್ ಗ್ಯಾಮಟ್ (ರೆಕ್ 709ಗಿಂತ ಹೆಚ್ಚು ಬಣ್ಣ ತೋರಿಸೋ) ಮಾನಿಟರನ್ನ ಅದ್ರ ನೇಟಿವ್ ಮೋಡಲ್ಲೇ ಬಿಟ್ರೆ ಚರ್ಮದ ಬಣ್ಣ ಕೆಂಪೇರಿ ಕಾಣತ್ತೆ, ನೀವು ಕೆಂಪು ಕಮ್ಮಿ ಮಾಡ್ತೀರಿ, ಆಮೇಲೆ ಫೋನಲ್ಲಿ ನೋಡಿದ್ರೆ ಮುಖ ಬಿಳುಚಿಕೊಂಡಿರತ್ತೆ.

ಪ್ರೀಮಿಯರಲ್ಲಿ ಡಿಸ್‌ಪ್ಲೇ ಕಲರ್ ಮ್ಯಾನೇಜ್‌ಮೆಂಟ್ ಅಂತ ಪ್ರಿಫರೆನ್ಸ್ ಇದೆ, ರಿಸಾಲ್ವಲ್ಲಿ ಮ್ಯಾಕ್‌ನೋರಿಗೆ ಯೂಸ್ ಮ್ಯಾಕ್ ಡಿಸ್‌ಪ್ಲೇ ಕಲರ್ ಪ್ರೊಫೈಲ್ಸ್ ಅಂತ ಇದೆ. ಗ್ರಾಫಿಕ್ಸ್ ಕಾರ್ಡ್ ದಾರಿಯಲ್ಲಿ ಇವು ಸಹಾಯ ಮಾಡತ್ತೆ, ಆದ್ರೆ ಆಪರೇಟಿಂಗ್ ಸಿಸ್ಟಮಲ್ಲಿರೋ ಪ್ರೊಫೈಲ್ ಸರಿ ಇದ್ರೆ ಮಾತ್ರ. ಕೆಲಸ ದುಡ್ಡಿಗೆ ಮಾಡ್ತಿದೀರಿ ಅಂದ್ರೆ ಒಂದು ಕಲರ್ ಮೀಟರ್ ತಗೊಳ್ಳಿ, ಕ್ಯಾಲಿಬ್ರೈಟ್ ಅಥವಾ ಡೇಟಾಕಲರ್ ಸ್ಪೈಡರ್ ಥರದ್ದು. ದುಬಾರಿ ಮಾನಿಟರನ್ನ ಮೀಟರ್ ಇಲ್ದೆ ಬಳಸೋದಕ್ಕಿಂತ ಸಾಧಾರಣ ಐಪಿಎಸ್ ಮಾನಿಟರನ್ನ ಮೀಟರ್ ಇಟ್ಟು ಬಳಸೋದು ವಾಸಿ, ಇದನ್ನ ಒತ್ತಿ ಹೇಳ್ತೀನಿ.

ಟಿವಿ ಆದ್ರೆ ಇನ್ನೂ ಕೆಲಸ ಇದೆ. ಮೋಷನ್ ಸ್ಮೂತಿಂಗ್ ಆಫ್, ಅದಿದ್ರೆ ಟಿವಿ ಮಧ್ಯದಲ್ಲಿ ತನ್ನದೇ ಫ್ರೇಮ್ ಹುಟ್ಟಿಸತ್ತೆ, ನಿಮ್ಮ ಕಟ್ಟಿನ ಲಯ ಗೊತ್ತೇ ಆಗಲ್ಲ. ಶಾರ್ಪ್‌ನೆಸ್ ಸೊನ್ನೆಗೆ ಅಥವಾ ಆ ಟಿವಿಯ ನ್ಯೂಟ್ರಲ್ ಜಾಗಕ್ಕೆ. ಓವರ್‌ಸ್ಕ್ಯಾನ್ (ಟಿವಿ ಚಿತ್ರದ ಅಂಚು ಕತ್ತರಿಸೋದು) ಆಫ್, ಮೆನುವಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಅಂತೆಲ್ಲ ಇರತ್ತೆ, ಫ್ರೇಮಿನ ಅಂಚಲ್ಲಿ ಮೈಕ್ ಇಣುಕ್ತಿದ್ರೆ ಓವರ್‌ಸ್ಕ್ಯಾನ್ ಅದನ್ನ ಮುಚ್ಚಿಡತ್ತೆ. ಫಿಲ್ಮ್‌ಮೇಕರ್ ಮೋಡ್ ಇರೋ ಟಿವಿಯಲ್ಲಿ ಇದ್ರಲ್ಲಿ ಬಹುಪಾಲು ಒಂದೇ ಸಲಕ್ಕೆ ಆಗಿಬಿಡತ್ತೆ. ಸಣ್ಣ ಕೆಂಪು ಅಕ್ಷರದ ಟೈಟಲ್ ಅಂಚು ಹರಡಿದ ಹಾಗೆ ಕಂಡ್ರೆ ಆ ಎಚ್‌ಡಿಎಂಐ ಇನ್‌ಪುಟ್ಟಿಗೆ ಪಿಸಿ ಅಂತ ಹೆಸರು ಕೊಡಿ, ಎಷ್ಟೋ ಟಿವಿಗಳು ಆಗ ಮಾತ್ರ ಪೂರ್ತಿ 4:4:4 ಬಣ್ಣ, ಅಂದ್ರೆ ಪ್ರತಿ ಪಿಕ್ಸೆಲ್ಲಿಗೂ ಅದರದ್ದೇ ಬಣ್ಣ, ತಗೊಳ್ತವೆ.

ಮಾತು ಮತ್ತೆ ತುಟಿ

ಎಚ್‌ಡಿಎಂಐ ಸಿಗಿಸಿದ ಕೂಡ್ಲೇ ಎಷ್ಟೋ ಸಲ ಸೌಂಡು ಮಾನಿಟರಿಗೆ ಹೋಗಿಬಿಡತ್ತೆ, ಸ್ಪೀಕರ್ ಸತ್ತೋಯ್ತು ಅಂತ ಹುಡುಕ್ತಾ ಕೂರ್ಬೇಡಿ, ಪ್ರೀಮಿಯರಿನ ಆಡಿಯೋ ಹಾರ್ಡ್‌ವೇರ್ ಪೇಜಲ್ಲಿ ಡಿಫಾಲ್ಟ್ ಔಟ್‌ಪುಟ್ ಬದಲಾಯಿಸಿ.

ಟಿವಿ ಚಿತ್ರವನ್ನ ಒಳಗೆ ಪ್ರೋಸೆಸ್ ಮಾಡೋಕೆ ಸಮಯ ತಗೊಳ್ಳತ್ತೆ, ಸೌಂಡು ಕಂಪ್ಯೂಟರ್ ಸ್ಪೀಕರಿಂದ ಸೀದಾ ಬರತ್ತೆ, ಹಾಗಾಗಿ ಮಾತು ಮುಂಚೆ ಬರೋದು. 25 ಫ್ರೇಮಲ್ಲಿ ಒಂದು ಫ್ರೇಮ್ ಅಂದ್ರೆ 40 ಮಿಲಿಸೆಕೆಂಡ್. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಲೆಕ್ಕದ ಪ್ರಕಾರ ಸೌಂಡು ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದ್ರೇ ನೋಡೋರಿಗೆ ಗೊತ್ತಾಗೋಕೆ ಶುರುವಾಗತ್ತೆ, ತಡ ಆದ್ರೆ 125ರವರೆಗೂ ಗೊತ್ತಾಗಲ್ಲ. ಅಂದ್ರೆ ಟಿವಿ ಒಂದೂವರೆ ಫ್ರೇಮ್ ತಡ ಮಾಡಿದ್ರೂ ನಿಮಗೆ ಕಾಣತ್ತೆ, ಆಗ ನೀವು ಡೈಲಾಗ್ ಟ್ರ್ಯಾಕನ್ನೇ ಎಳೆದು ಸರಿ ಮಾಡಿದ್ರೆ ಹೊರಗಡೆ ಎಲ್ಲರಿಗೂ ತಪ್ಪು ಹೋಗತ್ತೆ.

ಹೀಗೆ ಅಳೆಯಿರಿ: ಪ್ರತಿ ಸೆಕೆಂಡಿಗೆ ಒಂದು ಬಿಳಿ ಫ್ರೇಮು, ಅದೇ ಫ್ರೇಮಲ್ಲಿ ಒಂದು ಬೀಪು ಇರೋ ಸೀಕ್ವೆನ್ಸ್ ಮಾಡಿ ಓಡಿಸಿ. ಫೋನಲ್ಲಿ 60 ಫ್ರೇಮಲ್ಲೋ ಅದಕ್ಕಿಂತ ಜಾಸ್ತಿಯಲ್ಲೋ ಸ್ಕ್ರೀನನ್ನ ಸೌಂಡಿನ ಸಮೇತ ಶೂಟ್ ಮಾಡಿ, ಆ ಕ್ಲಿಪ್ಪನ್ನ ಟೈಮ್‌ಲೈನಿಗೆ ಹಾಕಿ ವೇವ್‌ಫಾರ್ಮಲ್ಲಿ ಬೀಪ್ ಎಲ್ಲಿದೆ, ಬಿಳಿ ಎಲ್ಲಿದೆ ಎಣಿಸಿ. ಸಿಕ್ಕಿದ ವ್ಯತ್ಯಾಸವನ್ನ ಮೊದಲು ಟಿವಿಯ ಗೇಮ್ ಮೋಡ್ ಹಾಕಿ ಕಮ್ಮಿ ಮಾಡಿ ನೋಡಿ, ಆದ್ರೆ ಗೇಮ್ ಮೋಡಲ್ಲಿ ಬಣ್ಣ ಬದಲಾಗತ್ತಾ ಅಂತ ಜೊತೆಗೇ ಗಮನಿಸಿ. ಇಲ್ಲಾಂದ್ರೆ ಸೌಂಡನ್ನೂ ಅದೇ ಎಚ್‌ಡಿಎಂಐ ಮೂಲಕ ಟಿವಿಗೇ ಕಳಿಸಿ, ಅಥವಾ ಪ್ರೀಮಿಯರಿನ ಪ್ಲೇಬ್ಯಾಕ್ ಪೇಜಲ್ಲಿ ಡಿವೈಸ್ ಪಕ್ಕ ಇರೋ ಆಫ್‌ಸೆಟ್ ಜಾಗದಲ್ಲಿ ಮಿಲಿಸೆಕೆಂಡ್ ಹಾಕಿ ಮತ್ತೆ ಅಳೆಯಿರಿ. ಬ್ಲೂಟೂತ್ ಹೆಡ್‌ಫೋನ್ ಹಾಕ್ಕೊಂಡು ಸಿಂಕ್ ನಿರ್ಧಾರ ಮಾಡ್ಲೇಬೇಡಿ, ಅದು ತಾನೇ ತಡ ಮಾಡತ್ತೆ.

ಇಷ್ಟಾದ್ರೂ ಜರ್ಕ್ ಆಗ್ತಿದ್ರೆ

ಆಗ ನಿಜವಾಗ್ಲೂ ಫ್ರೇಮ್ ಡ್ರಾಪ್ ಇದ್ಯಾ ನೋಡಿ. ಪ್ರೀಮಿಯರಲ್ಲಿ ಸ್ಪ್ಯಾನರ್ ಮೆನುವಿಂದ ಡ್ರಾಪ್ಡ್ ಫ್ರೇಮ್ ಇಂಡಿಕೇಟರ್ ಆನ್ ಮಾಡಿದ್ರೆ ಹಸಿರು ಚುಕ್ಕೆ ಬರತ್ತೆ, ಡ್ರಾಪ್ ಆದ್ರೆ ಹಳದಿ. ರಿಸಾಲ್ವಲ್ಲಿ ವ್ಯೂವರ್ ಮೇಲೆ ಫ್ರೇಮ್ ರೇಟ್ ಕಾಣತ್ತೆ, ಕೆಂಪಾದ್ರೆ ತಾಳಲ್ಲ ಅಂತ. ಹಸಿರಿದ್ದೂ ತಡವರಿಸ್ತಿದ್ರೆ ಹರ್ಟ್ಸಿನ ಲೆಕ್ಕಕ್ಕೇ ವಾಪಸ್ ಹೋಗಿ. ಹಳದಿ ಬಂದ್ರೆ ಪ್ಲೇಬ್ಯಾಕ್ ರೆಸಲ್ಯೂಶನ್ ಅರ್ಧಕ್ಕೆ ಇಳಿಸಿ, ಇದು ಹೊರಗಿನ ಸ್ಕ್ರೀನಿಗೂ ಅನ್ವಯ ಆಗತ್ತೆ ಅನ್ನೋದು ನೆನಪಿರ್ಲಿ, ದೊಡ್ಡ ಟಿವಿಯಲ್ಲಿ ಕಾಲು ರೆಸಲ್ಯೂಶನ್ ಹಾಕಿ ಕ್ಲೈಂಟಿಗೆ ತೋರಿಸಿದ್ರೆ ಮಸುಕು ಅಂತಾರೆ. ಕ್ಯಾಮೆರಾದ ಎಚ್.264, ಎಚ್.265 ಫೈಲಿಗೆ ಪ್ರಾಕ್ಸಿ (ಎಡಿಟ್ ಮಾಡೋಕೆ ಮಾತ್ರ ಬಳಸೋ ಹಗುರ ನಕಲು) ಮಾಡ್ಕೊಳ್ಳೋದೇ ಒಳ್ಳೇದು, ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಪ್ರಾಕ್ಸಿ ಆದ್ರೆ ಹಿಂದೆ ಮುಂದೆ ಎಳೆದ್ರೂ ತಡೆಯಲ್ಲ. ಫೈನಲ್ ತೋರಿಸೋ ಮುಂಚೆ ಪ್ರಾಕ್ಸಿ ಆಫ್ ಮಾಡಿ, ಭಾರವಾದ ಭಾಗ ಪ್ರಿವ್ಯೂ ರೆಂಡರ್ ಮಾಡಿ.

ಚಿತ್ರ ಒಂದೆರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರ್ತಿದ್ರೆ, ಅಥವಾ ಅಲ್ಲಲ್ಲಿ ಚುಕ್ಕೆ ಮಿನುಗ್ತಿದ್ರೆ ಅದು ಬಹುತೇಕ ಕೇಬಲ್ಲು. ಖಾತ್ರಿ ಮಾಡ್ಕೊಳ್ಳೋಕೆ 60 ಹರ್ಟ್ಸಿಂದ 30ಕ್ಕೆ ಇಳಿಸಿ ನೋಡಿ, ನಿಂತೋದ್ರೆ ಕೇಬಲ್ಲಿಗೆ ಆ ಭಾರ ಹೊರೋಕೆ ಆಗ್ತಿಲ್ಲ, ಬದಲಾಯಿಸಿ. ಕ್ಲೀನ್ ಫೀಡ್ ಪಟ್ಟಿಯಲ್ಲಿ ಮಾನಿಟರೇ ಕಾಣ್ತಿಲ್ಲ ಅಂದ್ರೆ ಸಾಫ್ಟ್‌ವೇರ್ ಮುಚ್ಚಿ, ಮಾನಿಟರ್ ಆನ್ ಇಟ್ಟು, ಆಮೇಲೆ ತೆರೀರಿ.

ಎಲ್ಲಾ ಸರಿಹೋದ ದಿನ ಮಾನಿಟರಿನ ಮೆನು, ಗ್ರಾಫಿಕ್ಸ್ ಪ್ಯಾನೆಲ್ಲು, ಸಾಫ್ಟ್‌ವೇರಿನ ಪ್ಲೇಬ್ಯಾಕ್ ಪೇಜು, ಮೂರರದ್ದೂ ಫೋಟೋ ತೆಗೆದಿಟ್ಕೊಳ್ಳಿ, ಕಪ್ಪು ಚೌಕ, ಓಡೋ ಪಟ್ಟಿ, ಬೀಪು ಮೂರನ್ನೂ ಒಂದೇ ಪ್ರಾಜೆಕ್ಟಲ್ಲಿ ಸೇವ್ ಮಾಡಿ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದಾಗ, ಟಿವಿ ಅಪ್‌ಡೇಟ್ ಆದಾಗ, ಬೇರೆ ಪೋರ್ಟಿಗೆ ಸಿಗಿಸಿದಾಗ ರೇಂಜು ಮತ್ತೆ ಹರ್ಟ್ಸ್ ಸದ್ದಿಲ್ದೇ ಹಳೇ ಜಾಗಕ್ಕೆ ಹೋಗಿರಬಹುದು, ಆಗ ಮೊದಲು ಆ ಪ್ರಾಜೆಕ್ಟ್ ತೆಗೆದು ಓಡಿಸಿ, ಆಮೇಲೆ ಕೆಲಸ ಶುರು ಮಾಡಿ.